ಯಂತ್ರದೊಳಗಿನ ಟಪಾಲು ಕಚೇರಿ

(ಸಂಘದ ಉಚಿತ ವಾಚನಾಲಯದಲ್ಲಿ ಸೆಕ್ಟರ್ ಫೈವಿನ ಸದಸ್ಯರ ಮುಂದೆ ಮಾಡಿದ ಭಾಷಣ)



ಈ ದಿನ ನನಗೆ ಒಪ್ಪಿಸಿರುವ ವಿಷಯ ಕಂಪ್ಯೂಟರಿನ ಒಳಗೆ ಜಾಲದ ಕೆಲಸ ಹೇಗೆ ನಡೆಯುತ್ತದೆ ಎಂಬುದು. ಅದರಲ್ಲಿಯೂ ಎರಡೇ ಸಂಗತಿಗಳನ್ನು ಹೇಳಬೇಕೆಂದಿದ್ದೇನೆ. ಒಂದು, ಬೀಗ ಹಾಕುವುದು. ಇನ್ನೊಂದು, ಕೆಲಸವನ್ನು ಸ್ವಲ್ಪ ಮುಂದಕ್ಕೆ ಹಾಕುವುದು. ಬೀಗವೆಂದೊಡನೆ ಬೀಗರೂಟವನ್ನು ನೆನೆಯುವವರು ದಯವಿಟ್ಟು ಕ್ಷಮಿಸಬೇಕು. ಇದು ಕಬ್ಬಿಣದ ಬೀಗವೂ ಅಲ್ಲ. ಆದರೂ ಬೀಗದ ಕೆಲಸವನ್ನೆಲ್ಲ ಮಾಡುತ್ತದೆ.

ಈ ವಿಷಯ ನಮಗೇಕೆ ಎಂದು ತಾವು ಕೇಳಬಹುದು. ಹೂಗ್ಲಿಯ ಹೂಳು ತುಂಬಿ ಕಟ್ಟಿದ ಈ ಉಪನಗರ, ಬಿಧಾನಚಂದ್ರ ರಾಯರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಹುಟ್ಟಿದ ಯೋಜನೆ. ಅದರ ಐದನೆಯ ಭಾಗದಲ್ಲಿ ಇಂದು ಸಾಲುಸಾಲಾಗಿ ಕಂಪ್ಯೂಟರ್ ಕಚೇರಿಗಳು. ನಮ್ಮಲ್ಲಿ ಕೆಲವರು ಅಲ್ಲಿ ಗುಮಾಸ್ತರು, ಕೆಲವರು ಕಾವಲಿನವರು, ಕೆಲವರು ಅಡಿಗೆಯವರು, ಕೆಲವರು ರಾತ್ರಿ ಪಾಳಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವರು. ತಿಂಗಳ ಮೊದಲ ವಾರ ಊರಿಗೆ ಹಣ ಕಳುಹಿಸುವುದೂ, ಬೆಳಗ್ಗೆ 10 ಗಂಟೆಗೋ 11 ಗಂಟೆಗೋ ಬೆಂಗಳೂರಿನ ಗಾಡಿಗೆ ತತ್ಕಾಲ್ ಚೀಟಿ ಹಿಡಿಯುವುದೂ, ಮಕ್ಕಳ ಮುಖವನ್ನು ಫೋನಿನಲ್ಲಿ ನೋಡುವುದೂ ಎಲ್ಲವೂ ಯಾವುದೋ ಒಂದು ಯಂತ್ರದ ಬಾಗಿಲನ್ನು ದಾಟಿಯೇ ನಡೆಯಬೇಕು. ಆ ಬಾಗಿಲು ಮುಚ್ಚಿಕೊಂಡರೆ ನಾವು "ಸರ್ವರ್ ಡೌನ್" ಎಂದು ಗೊಣಗಿ ಸುಮ್ಮನಾಗುತ್ತೇವೆ. ರಾತ್ರಿ ಪಾಳಿಯ ಹುಡುಗನಾದರೋ ಬೈಗುಳ ತಿನ್ನುತ್ತಾನೆ. ಬಾಗಿಲು ಏಕೆ ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಳ್ಳದಂತೆ ಬಲ್ಲವರು ಏನೇನು ಉಪಾಯ ಮಾಡಿದ್ದಾರೆ ಎಂಬುದನ್ನು ತಿಳಿದುಕೊಂಡರೆ ನಷ್ಟವೇನೂ ಇಲ್ಲವಷ್ಟೆ.

ಕಚೇರಿಯಲ್ಲಿ ದುಡಿದವರಿಗೆ ಟಪಾಲು ಗುಮಾಸ್ತನ ಪರಿಚಯವುಂಟು. ಅವನ ಮೇಜಿನ ಮೇಲೆ ಒಂದು ಲೆಕ್ಕದ ಪುಸ್ತಕ ಬಿಚ್ಚಿದೆ. ಅವನು ಅದರಲ್ಲಿ ಬರೆಯುತ್ತಿದ್ದಾನೆ. ಹೊರಗೆ ಅಂಚೆಯವನು ಬಂದು ಗಂಟೆ ಬಾರಿಸುತ್ತಾನೆ. ಗುಮಾಸ್ತ ಲೇಖನಿಯನ್ನು ಕೆಳಗಿಟ್ಟು ಏಳಲೇಬೇಕು. ಜಾಲದಿಂದ ಬರುವ ಸಂದೇಶವೂ ಹೀಗೆಯೇ. ಅದು ಚಿಕ್ಕ ಚಿಕ್ಕ ಲಕೋಟೆಗಳಾಗಿ ಬರುತ್ತದೆ, ಅವನ್ನು ಪ್ಯಾಕೆಟ್ಟುಗಳೆನ್ನುತ್ತಾರೆ. ಜಾಲದ ಕಾರ್ಡು ಲಕೋಟೆಯನ್ನು ನೆನಪಿನ ಕೋಶದಲ್ಲಿ ಇರಿಸಿ, ಗಣನೆ ಮಾಡುವ ಪ್ರೊಸೆಸರಿಗೆ ಗಂಟೆ ಬಾರಿಸುತ್ತದೆ. ಈ ಗಂಟೆಗೆ ಇಂಟರಪ್ಟ್ ಎಂದು ಹೆಸರು. ಪ್ರೊಸೆಸರ್ ತಾನು ಮಾಡುತ್ತಿದ್ದುದನ್ನು ಅಲ್ಲಲ್ಲಿಗೇ ಬಿಟ್ಟು ಓಗೊಡುತ್ತದೆ.

ಗಂಟೆ ಬಾರಿಸಿದಾಗ ಗುಮಾಸ್ತ ಏನು ಮಾಡಬೇಕು? ಬಾಗಿಲಲ್ಲೇ ನಿಂತು ಲಕೋಟೆ ಒಡೆದು, ಓದಿ, ಕಡತ ಹುಡುಕಿ, ಉತ್ತರ ಬರೆಯಲಾರಂಭಿಸಿದರೆ ಹಿಂದೆ ನಿಂತವರ ಗತಿಯೇನು? ಆದುದರಿಂದ ಜಾಣನಾದವನು ಲಕೋಟೆಯನ್ನು ಸ್ವೀಕರಿಸಿ, ಟ್ರೇಯಲ್ಲಿ ಹಾಕಿ, "ಟ್ರೇಯಲ್ಲಿ ಕೆಲಸವಿದೆ" ಎಂದು ಒಂದು ಗುರುತು ಮಾಡಿ ಬಾಗಿಲನ್ನು ಬಿಡಿಸಿಕೊಡುತ್ತಾನೆ. ಓದುವುದು, ವಿಂಗಡಿಸುವುದು, ಯಾರ ಮೇಜಿಗೆ ಹೋಗಬೇಕೆಂದು ನೋಡುವುದು ಎಲ್ಲ ಆಮೇಲೆ. ಆದರೆ ಬಹಳ ಆಮೇಲಲ್ಲ. ಬಾಗಿಲಿನ ಕೆಲಸ ಮುಗಿದೊಡನೆ, ತನ್ನ ಲೆಕ್ಕದ ಪುಸ್ತಕಕ್ಕೆ ಮರಳುವ ಮುಂಚೆ, ಟ್ರೇಯನ್ನು ನೋಡಿಬಿಡುತ್ತಾನೆ. ಆ ಹೊತ್ತಿನಲ್ಲಿ ಹೊಸ ಗಂಟೆ ಬಂದರೆ ಅದಕ್ಕೂ ಏಳುತ್ತಾನೆ. ಇದೇ ಮುಂದಕ್ಕೆ ಹಾಕಿದ ಕೆಲಸ. ಇಂದು ಜಗತ್ತಿನ ಬಹುಪಾಲು ಸರ್ವರುಗಳನ್ನೂ ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳನ್ನೂ ನಡೆಸುವ ಲಿನಕ್ಸ್ ಕರ್ನೆಲ್‌ನಲ್ಲಿ ಇದನ್ನು ಸಾಫ್ಟ್‌ಐಆರ್‌ಕ್ಯೂ ಎನ್ನುತ್ತಾರೆ. ಲಿನಕ್ಸನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದರು. ಈ ಏರ್ಪಾಡು ಅದರ 2001ರ 2.4 ಆವೃತ್ತಿಯಲ್ಲಿ ನೆಲೆಗೊಂಡಿತು.

ಇಷ್ಟಾದರೆ ಸಾಕೆ? ಸಾಲದು. ಗಂಟೆಗೆ ಏಳುವುದೇ ಒಂದು ಕೆಲಸವಲ್ಲವೆ? ಸೆಕೆಂಡಿಗೆ ಸಾವಿರಕ್ಕೊಂದು ಗಂಟೆ ಬಾರಿಸಿದರೆ ತಾಳಬಹುದು. ಇಂದಿನ 10 ಗಿಗಾಬಿಟ್ ತಂತಿಯಲ್ಲಿ ಅತ್ಯಂತ ಚಿಕ್ಕ ಪ್ಯಾಕೆಟ್ಟುಗಳು ಒತ್ತೊತ್ತಾಗಿ ಬಂದರೆ ಸೆಕೆಂಡಿಗೆ 1 ಕೋಟಿ 48 ಲಕ್ಷ 80 ಸಾವಿರದಷ್ಟು ಬರುತ್ತವೆ. ಅಂದರೆ ಒಂದೊಂದಕ್ಕೆ ಸಿಗುವ ಕಾಲ, ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ 67 ಪಾಲು. ಪ್ರತಿಯೊಂದಕ್ಕೂ ಗಂಟೆ ಬಾರಿಸಿದರೆ ಗುಮಾಸ್ತನು ಏಳುವುದರಲ್ಲಿಯೇ ದಿನ ಕಳೆದಾನು. ಟ್ರೇ ತುಂಬಿ ಚೆಲ್ಲುತ್ತದೆ, ಒಂದು ಲಕೋಟೆಯೂ ಅದರ ಒಡೆಯನಿಗೆ ಮುಟ್ಟುವುದಿಲ್ಲ. ಹೊರಗಿನಿಂದ ನೋಡಿದರೆ ಗುಮಾಸ್ತ ಬೆವರು ಸುರಿಸಿ ದುಡಿಯುತ್ತಿದ್ದಾನೆ. ಒಳಗೆ ಆದ ಕೆಲಸ ಸೊನ್ನೆ. ಯಂತ್ರ ಸತ್ತಿಲ್ಲ, ಆದರೆ ಬದುಕಿದ್ದೂ ಪ್ರಯೋಜನವಿಲ್ಲ.

ಈ ರೋಗವನ್ನು ಪರೀಕ್ಷಿಸಿ, ಮದ್ದನ್ನೂ ಹೇಳಿ, 1996ರಲ್ಲಿ ಒಂದು ಪ್ರಬಂಧವನ್ನು ಓದಿದವರು ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ ಎಂಬಿಬ್ಬರು. ರಾಮಕೃಷ್ಣನ್ ಅವರು 1978ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಪದವಿ ಪಡೆದು ಅಮೆರಿಕಕ್ಕೆ ಹೋದವರು ಎಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬಹುದು. ಅವರ ಮದ್ದು ಬಹು ಸರಳವಾದುದು: ಸಂದಣಿ ಹೆಚ್ಚಾದಾಗ ಗಂಟೆಯನ್ನೇ ನಿಲ್ಲಿಸಿಬಿಡಿ, ಗುಮಾಸ್ತ ತಾನಾಗಿಯೇ ಹೋಗಿ ಬಾಗಿಲಲ್ಲಿರುವುದನ್ನು ಒಂದು ಮಿತಿಯವರೆಗೆ ಎತ್ತಿಕೊಂಡು ಬರಲಿ, ಉಳಿದ ಮೇಜುಗಳಿಗೂ ಪಾಲು ಸಿಗಲಿ, ಹೊರಲಾಗದಷ್ಟು ಬಂದರೆ ಅದನ್ನು ಅರ್ಧ ಕೆಲಸ ಮಾಡಿ ಎಸೆಯುವುದಕ್ಕಿಂತ ಬಾಗಿಲಲ್ಲಿಯೇ ಬಿಡುವುದು ಮೇಲು.

ಲಿನಕ್ಸಿನಲ್ಲಿ ಇದೇ ದಾರಿಯನ್ನು ಹಿಡಿದು 2001ರಲ್ಲಿ ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆತ್ಸೋವ್ ಎಂಬವರು ನೇಪಿ ಎಂಬ ಏರ್ಪಾಡನ್ನು ಪ್ರಕಟಿಸಿದರು. ಮೊದಲ ಲಕೋಟೆಗೆ ಗಂಟೆ. ಆಮೇಲೆ ಗಂಟೆ ಬಂದ್. ಒಂದು ಕಾರ್ಡಿನಿಂದ ಒಂದು ಸಲಕ್ಕೆ ಸಾಮಾನ್ಯವಾಗಿ 64, ಎಲ್ಲ ಕಾರ್ಡುಗಳಿಂದ ಸೇರಿ ಒಂದು ಸುತ್ತಿಗೆ 300. ಬಾಗಿಲು ಬರಿದಾದರೆ ಮತ್ತೆ ಗಂಟೆ ಚಾಲೂ. ಕಾಲೇಜ್ ಮೋಡ್‌ನ ಹಂಚಿಕೆಯ ಆಟೋ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗುವುದಿಲ್ಲ, ಆದರೆ ಇಡೀ ಜಾತ್ರೆಯನ್ನೂ ಹತ್ತಿಸಿಕೊಳ್ಳುವುದಿಲ್ಲ, ಇದೂ ಹಾಗೆಯೇ. ಸುತ್ತುಗಳು ಮುಗಿದರೂ ಟ್ರೇಯಲ್ಲಿ ಉಳಿದಿದ್ದರೆ, ಆ ಉಳಿಕೆಯನ್ನು ಒಬ್ಬ ಪ್ರತ್ಯೇಕ ಆಳಿಗೆ ಒಪ್ಪಿಸುತ್ತಾರೆ. ಅವನಿಗೆ ವಿಶೇಷ ಅಧಿಕಾರವಿಲ್ಲ. ಉಳಿದವರಂತೆ ಪಾಳಿಯಲ್ಲಿ ನಿಂತು ಕೆಲಸ ಮಾಡುತ್ತಾನೆ. ಇದರಿಂದ ಎಷ್ಟೇ ಸಂದಣಿಯಿದ್ದರೂ ಬೇರೆಯವರ ಕೆಲಸ ಪೂರ್ತಿ ನಿಂತುಹೋಗುವುದಿಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ.

ಈಗ ಬೀಗದ ಮಾತಿಗೆ ಬರೋಣ.

ನಾಲ್ಕು ಜನ ಸೇರಿ ನಡೆಸುವ ಮೆಸ್ಸಿನ ಲೆಕ್ಕದ ಪುಸ್ತಕವನ್ನು ತೆಗೆದುಕೊಳ್ಳಿ. ಪುಸ್ತಕದಲ್ಲಿ 500 ರೂಪಾಯಿ ಎಂದಿದೆ. ಇಬ್ಬರು ಒಂದೇ ವೇಳೆಗೆ ಅದನ್ನು ಓದಿದರು. ಒಬ್ಬನು ತನ್ನ 100 ಸೇರಿಸಿ 600 ಎಂದು ಬರೆದ. ಇನ್ನೊಬ್ಬನು ತನ್ನ 200 ಸೇರಿಸಿ, ಮನಸ್ಸಿನಲ್ಲಿದ್ದ ಹಳೆಯ 500ಕ್ಕೆ ಕೂಡಿ, 700 ಎಂದು ಬರೆದ. ಪೆಟ್ಟಿಗೆಯಲ್ಲಿ 800 ಇದೆ, ಪುಸ್ತಕದಲ್ಲಿ 700. ಯಾರೂ ಕದಿಯಲಿಲ್ಲ, ಯಾರೂ ಕೂಡುವುದರಲ್ಲಿ ತಪ್ಪಲಿಲ್ಲ. ಆದರೂ ನೂರು ರೂಪಾಯಿಗೆ ಲೆಕ್ಕವಿಲ್ಲ. ಒಂದು ಯಂತ್ರದಲ್ಲಿ ಅನೇಕ ಪ್ರೊಸೆಸರುಗಳು ಒಂದೇ ಪುಸ್ತಕವನ್ನು ಮುಟ್ಟಿದಾಗ ಆಗುವ ಅನಾಹುತ ಇದೇ. ಆದುದರಿಂದ ಪುಸ್ತಕಕ್ಕೆ ಒಂದು ಬೀಗ, ಅದಕ್ಕೆ ಒಂದೇ ಕೈ. ಕೀಲಿಕೈ ಯಾರಲ್ಲಿದೆಯೋ ಅವನು ಮಾತ್ರ ಬರೆಯತಕ್ಕದ್ದು.

ಹಿಂದೆ ಒಂದೇ ಹಳಿಯ ರೈಲುಮಾರ್ಗದಲ್ಲಿ ಪ್ರಯಾಣ ಮಾಡಿದ ಹಿರಿಯರಿಗೆ ಇದು ಹೊಸದಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಒಂದು ಲೋಹದ ಚೆಂಡು. ಅದು ಕೈಗೆ ಬಂದರೇ ಚಾಲಕನು ಗಾಡಿ ಬಿಡುತ್ತಿದ್ದುದು. ಎರಡು ನಿಲ್ದಾಣಗಳ ನಡುವೆ ಒಂದು ಸಲಕ್ಕೆ ಒಂದೇ ಚೆಂಡು ಹೊರಬರುವಂತೆ ಯಂತ್ರದ ಏರ್ಪಾಡು. ಡಚ್ ವಿದ್ವಾಂಸ ಎಡ್ಸ್‌ಖರ್ ಡೈಕ್‌ಸ್ಟ್ರಾ 1965ರಲ್ಲಿ ಕಂಪ್ಯೂಟರಿನ ಈ ಸಮಸ್ಯೆಗೆ ಪರಿಹಾರವನ್ನು ಪ್ರಕಟಿಸಿದರು. ಅವರು ರೂಪಿಸಿದ ಒಂದು ಬಗೆಯ ಬೀಗಕ್ಕೆ ಇಟ್ಟ ಹೆಸರು ಸೆಮಫೋರ್, ಅಂದರೆ ನಮ್ಮ ರೈಲ್ವೆಯ ಕೈಮರ.

ಮೊದಮೊದಲು ಲಿನಕ್ಸಿನಲ್ಲಿ ಇಡೀ ಕರ್ನೆಲ್‌ಗೆ ಒಂದೇ ದೊಡ್ಡ ಬೀಗವಿತ್ತು. 1996ರಲ್ಲಿ ಅನೇಕ ಪ್ರೊಸೆಸರುಗಳ ಯಂತ್ರಕ್ಕೆ ಅದು ಒಗ್ಗಿದಾಗ ಮಾಡಿದ ಏರ್ಪಾಡು ಅದು. ಇಡೀ ಮಠಕ್ಕೆ ಒಂದೇ ಸ್ನಾನದ ಮನೆಯಿದ್ದಂತೆ! ಕ್ರಮಕ್ರಮವಾಗಿ ಅದನ್ನು ಒಡೆದು ಒಂದೊಂದು ಪುಸ್ತಕಕ್ಕೂ ಒಂದೊಂದು ಚಿಕ್ಕ ಬೀಗವನ್ನು ಮಾಡಿದರು. ದೊಡ್ಡ ಬೀಗ ಪೂರ್ತಿಯಾಗಿ ಹೋದದ್ದು 2011ರಲ್ಲಿ. ಹದಿನೈದು ವರ್ಷ ಬೇಕಾಯಿತು.

ಬೀಗ ಚಿಕ್ಕದಾದಷ್ಟೂ ವೇಗ ಹೆಚ್ಚು, ತೊಡಕೂ ಹೆಚ್ಚು. ಮುಖ್ಯವಾದ ತೊಡಕುಗಳು ಮೂರು.

ಮೊದಲನೆಯದೇ ನಮ್ಮ ವಿಷಯದ ತಿರುಳು. ಗುಮಾಸ್ತ ಕೀಲಿಕೈ ತೆಗೆದುಕೊಂಡು ಪುಸ್ತಕ ಬಿಚ್ಚಿದ್ದಾನೆ, ಅರ್ಧ ಸಾಲು ಬರೆದಿದ್ದಾನೆ. ಆಗ ಗಂಟೆ ಬಾರಿಸಿತು. ಎದ್ದ, ಲಕೋಟೆ ಪಡೆದ, ನಿಯಮದಂತೆ ಟ್ರೇಯ ಕೆಲಸಕ್ಕೆ ಕೈಹಾಕಿದ. ಆ ಲಕೋಟೆಗೆ ಬೇಕಾದದ್ದು ಅದೇ ಪುಸ್ತಕ. "ಕೀಲಿಕೈ ಬೇರೆಯವನ ಬಳಿ ಇದೆ, ಬಿಡುವವರೆಗೆ ಕಾಯೋಣ" ಎಂದು ನಿಂತ. ಆ ಬೇರೆಯವನು ಯಾರು? ಅವನೇ! ತಾನು ಈ ಕಾಯುವಿಕೆಯಿಂದ ಹೊರಗೆ ಬಂದ ಹೊರತು ಅರ್ಧ ಸಾಲನ್ನು ಮುಗಿಸಲಾರ. ಅರ್ಧ ಸಾಲು ಮುಗಿದ ಹೊರತು ಕೀಲಿಕೈ ಬಿಡಲಾರ. ತನ್ನನ್ನೇ ತಾನು ಕಾಯುತ್ತ ಆ ಮೇಜು ಯುಗಾಂತ್ಯದವರೆಗೂ ನಿಂತಿರುತ್ತದೆ. ಸರ್ವರ್ "ಹ್ಯಾಂಗ್" ಆಯಿತೆಂದು ನಾವೆನ್ನುವುದರಲ್ಲಿ ಈ ಬಗೆಯದೂ ಒಂದು.

ಪರಿಹಾರವೇನು? ಟ್ರೇಯ ಕೆಲಸಕ್ಕೂ ಬೇಕಾಗುವ ಪುಸ್ತಕವಾದರೆ, ಕೀಲಿಕೈ ತೆಗೆದುಕೊಳ್ಳುವ ಮುಂಚೆಯೇ ತನ್ನ ಮೇಜಿನ ಮೇಲೆ "ಈಗ ಟ್ರೇ ಕೆಲಸವಿಲ್ಲ" ಎಂಬ ಹಲಗೆಯನ್ನು ಇಡಬೇಕು. ಗಂಟೆ ಬಾರಿಸಲಿ, ಲಕೋಟೆ ಟ್ರೇಗೆ ಬೀಳಲಿ. ಬಿಚ್ಚುವುದು ಮಾತ್ರ ಕೀಲಿಕೈ ಬಿಟ್ಟು ಹಲಗೆ ತೆಗೆದ ಮೇಲೆ. ಬೇರೆ ಮೇಜುಗಳ ಟ್ರೇ ಕೆಲಸ ಎಂದಿನಂತೆ ನಡೆಯುತ್ತದೆ. ಅವರಿಗೆ ಇದೇ ಪುಸ್ತಕ ಬೇಕಾದರೆ ಕ್ಷಣಕಾಲ ಕಾಯುತ್ತಾರೆ, ಏಕೆಂದರೆ ಕೀಲಿಕೈ ಹಿಡಿದವನು ಬೇರೆ ಮೇಜಿನಲ್ಲಿ ಬರೆಯುತ್ತಲೇ ಇದ್ದಾನೆ, ಬಿಟ್ಟೇ ಬಿಡುತ್ತಾನೆ. ಇನ್ನು ಗಂಟೆಗೆ ಓಗೊಡುವಾಗಲೇ ಮುಟ್ಟಬೇಕಾದ ಪುಸ್ತಕವಾದರೆ ಹಲಗೆ ಸಾಲದು; ಆ ಮೇಜಿನ ಗಂಟೆಯನ್ನೇ ನಿಲ್ಲಿಸಬೇಕು. ನಿಲ್ಲಿಸುವ ಮುಂಚೆ ಅದು ಚಾಲೂ ಇತ್ತೋ ಇಲ್ಲವೋ ಎಂದು ಗುರುತಿಟ್ಟುಕೊಂಡು, ಹೋಗುವಾಗ ಇದ್ದಂತೆಯೇ ಮಾಡಬೇಕು. ಬೇರೆ ಯಾರೋ ಕಾರಣವಿದ್ದು ನಿಲ್ಲಿಸಿದ್ದ ಗಂಟೆಯನ್ನು ನಾವು ಚಾಲೂ ಮಾಡಿ ಹೋದರೆ ಅವರ ಕೆಲಸ ಕೆಡುತ್ತದೆ. ಬಾಡಿಗೆಮನೆಯಲ್ಲಿ ಇದ್ದವರಿಗೆ ಈ ಶಿಷ್ಟಾಚಾರವನ್ನು ನಾನು ವಿವರಿಸಬೇಕಾಗಿಲ್ಲ.

ಎರಡನೆಯ ತೊಡಕು, ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಚಹಾ ಕುಡಿಯಲು ಹೋಗುವುದು. ಸ್ಪಿನ್ ಲಾಕ್ ಎಂಬ ಬೀಗಕ್ಕೆ ಕಾಯುವವರು ಕುಳಿತು ಕಾಯುವುದಿಲ್ಲ. ಬಾಗಿಲಲ್ಲಿ ನಿಂತು "ಆಯಿತೆ, ಆಯಿತೆ" ಎಂದು ಕೇಳುತ್ತಲೇ ಇರುತ್ತಾರೆ. ಕೆಲವೇ ಕ್ಷಣದ ಕಾಯುವಿಕೆಗೆ ಇದೇ ಲೇಸು. ಕೀಲಿಕೈ ಹಿಡಿದವನು ನಿದ್ದೆಹೋದರೆ ಕಚೇರಿಯೇ ನಿಂತೀತು. ಆದುದರಿಂದ ಈ ಬೀಗ ಹಿಡಿದಿರುವಾಗ ಮಲಗಬಾರದು, ನಿಧಾನದ ಕೆಲಸಕ್ಕೆ ಕೈಹಾಕಬಾರದು ಎಂಬುದು ಕಟ್ಟಾಜ್ಞೆ. ದೀರ್ಘ ಕೆಲಸಕ್ಕೆ ಮಲಗಿ ಕಾಯಬಹುದಾದ ಬೇರೆ ಬೀಗಗಳುಂಟು.

ಮೂರನೆಯದು, ಇಬ್ಬರು ಎರಡು ಕೀಲಿಕೈಗಳನ್ನು ಅಡ್ಡಾದಿಡ್ಡಿ ಹಿಡಿಯುವುದು. ರಾಮನು ಆವಕ ಪುಸ್ತಕವನ್ನು ಹಿಡಿದು ಜಾವಕ ಪುಸ್ತಕಕ್ಕೆ ಕಾಯುತ್ತಾನೆ. ಭೀಮನು ಜಾವಕವನ್ನು ಹಿಡಿದು ಆವಕಕ್ಕೆ ಕಾಯುತ್ತಾನೆ. ಇಬ್ಬರೂ ಸಜ್ಜನರೇ, ಇಬ್ಬರೂ ಸಂಜೆಯವರೆಗೆ ನಿಂತಿರುತ್ತಾರೆ. ಎಲ್ಲರೂ ಮೊದಲು ಆವಕ, ಆಮೇಲೆ ಜಾವಕ ಎಂಬ ಒಂದೇ ಕ್ರಮವನ್ನು ಪಾಲಿಸಿದರೆ ಈ ಗಂಟು ಬೀಳುವುದಿಲ್ಲ. ಆದರೆ ಲಕ್ಷಾಂತರ ಸಾಲುಗಳ ಬರಹದಲ್ಲಿ ಯಾರು ಎಲ್ಲಿ ಕ್ರಮ ತಪ್ಪಿದರೆಂದು ಕಣ್ಣಿಂದ ಹುಡುಕುವುದು ಹೇಗೆ? ಇಂಗೊ ಮೋಲ್ನಾರ್ ಎಂಬವರು 2006ರಲ್ಲಿ ಲಿನಕ್ಸಿಗೆ ಒಬ್ಬ ತನಿಖೆದಾರನನ್ನು ಸೇರಿಸಿದರು. ಅದರ ಹೆಸರು ಲಾಕ್‌ಡೆಪ್. ಯಾವ ಬೀಗದ ಹಿಂದೆ ಯಾವ ಬೀಗ ಹಿಡಿದರು, ಯಾವುದನ್ನು ಟ್ರೇ ಕೆಲಸದಲ್ಲೂ ಹಿಡಿಯುತ್ತಾರೆ ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಗಂಟು ಇನ್ನೂ ಬಿದ್ದಿರದಿದ್ದರೂ, ಬೀಳಬಹುದಾದ ದಾರಿಯೊಂದು ಕಂಡರೆ ಸಾಕು, ಕೂಗಿ ಹೇಳುತ್ತದೆ. ಯಂತ್ರವನ್ನು ತಯಾರು ಮಾಡುವವರು ಪರೀಕ್ಷೆಯ ಕಾಲದಲ್ಲಿ ಇದನ್ನು ಚಾಲೂ ಮಾಡಿಕೊಳ್ಳುತ್ತಾರೆ.

ಬೀಗವೂ ಮುಂದಕ್ಕೆ ಹಾಕುವುದೂ ಸೊಗಸಾಗಿ ಕೈಕೂಡಿಸುವ ಒಂದು ಎಡೆಯಿದೆ. ಅದನ್ನು ಹೇಳದೆ ಬಿಡಲಾರೆ. ನಾವು ಹಣ ಕಳುಹಿಸುವಾಗ ಅತ್ತ ಒಂದು ಸಂಪರ್ಕ ಏರ್ಪಡುತ್ತದೆ. ಅದಕ್ಕೆ ಸಾಕೆಟ್ ಎನ್ನುತ್ತಾರೆ. ಅದನ್ನು ಒಂದು ಪ್ರೋಗ್ರಾಮು ಹಿಡಿದು ಕೆಲಸ ಮಾಡುತ್ತಿರುವಾಗಲೇ ಆ ಸಂಪರ್ಕಕ್ಕೆ ಹೊಸ ಪ್ಯಾಕೆಟ್ ಬಂತೆನ್ನಿ. ಟ್ರೇ ನೋಡುವವನು ಮಲಗಿ ಕಾಯುವಂತಿಲ್ಲ. ನುಗ್ಗಿ ಬರೆಯುವಂತೆಯೂ ಇಲ್ಲ. ಅವನು ಪ್ಯಾಕೆಟ್ಟನ್ನು ಆ ಸಾಕೆಟ್ಟಿನ ಬಾಕಿಯ ಸಾಲಿನಲ್ಲಿ ಇಟ್ಟು ಮುಂದೆ ಹೋಗುತ್ತಾನೆ. ಹಿಡಿದವನು ಬಿಟ್ಟುಹೋಗುವ ಮುಂಚೆ ಆ ಬಾಕಿಯನ್ನು ತೀರಿಸಿಯೇ ಹೋಗತಕ್ಕದ್ದು. ಬಾಕಿಗೂ ಮಿತಿಯುಂಟು, ಮೀರಿದರೆ ಪ್ಯಾಕೆಟ್ ಬಿದ್ದುಹೋಗುತ್ತದೆ. ಬಿದ್ದುದನ್ನು ಕಳುಹಿಸಿದವನೇ ಮತ್ತೆ ಕಳುಹಿಸುವನೆಂಬುದು ಟಿಸಿಪಿಯ ಒಪ್ಪಂದ.

ನಮ್ಮ ವಾಚನಾಲಯದಲ್ಲಿಯೇ ಇನ್ನೊಂದು ಉಪಾಯ ದಿನವೂ ನಡೆಯುತ್ತದೆ. ಹೊಸ ಪತ್ರಿಕೆ ಬಂತೆಂದು ಓದುತ್ತಿರುವವರ ಕೈಯಿಂದ ಹಳೆಯದನ್ನು ಕಿತ್ತುಕೊಳ್ಳುವರೆ? ಹೊಸದನ್ನು ಮೇಜಿನ ಮೇಲಿಡುತ್ತಾರೆ. ಇನ್ನು ಬರುವವರು ಅದನ್ನು ಓದುತ್ತಾರೆ. ಹಳೆಯದನ್ನು ಹಿಡಿದವರೆಲ್ಲ ಕೆಳಗಿಟ್ಟ ಮೇಲೆ ಅದನ್ನು ರದ್ದಿಗೆ ಹಾಕುತ್ತಾರೆ. ಓದುವವರಿಗೆ ಬೀಗವೇ ಬೇಡ. ಪ್ಯಾಕೆಟ್ ಯಾವ ದಾರಿ ಹಿಡಿಯಬೇಕೆಂಬ ಪಟ್ಟಿಯನ್ನು ಓದುವವರು ಲಕ್ಷ, ತಿದ್ದುವವರು ಅಪರೂಪ. ಅಂಥಲ್ಲಿ ಇದೇ ಕ್ರಮ. ಪಾಲ್ ಮೆಕೆನ್ನಿಯವರು ಮುಂದೆ ನಿಂತು ಬೆಳೆಸಿದ ಇದಕ್ಕೆ ಆರ್‌ಸಿಯು ಎಂದು ಹೆಸರು. 2002ರಲ್ಲಿ ಅದು ಲಿನಕ್ಸಿಗೆ ಸೇರಿತು. ಎಲ್ಲರೂ ಕೆಳಗಿಟ್ಟರೆಂದು ಖಚಿತವಾಗುವವರೆಗೆ ರದ್ದಿಗೆ ಹಾಕುವುದನ್ನು ಮುಂದಕ್ಕೆ ಹಾಕುವುದೇ ಇದರ ಗುಟ್ಟು.

ಇಷ್ಟೆಲ್ಲ ಎಚ್ಚರ ಬೇಕೆ, ಒಂದು ಬೀಗ ಮರೆತರೆ ಏನಾದೀತು ಎಂದರೆ, ಆಗಿಹೋದ ಒಂದು ಸಂಗತಿಯನ್ನು ಹೇಳುತ್ತೇನೆ. ಪ್ಯಾಕೆಟ್ಟುಗಳನ್ನು ನೇರವಾಗಿ ಓದುವ ಲಿನಕ್ಸಿನ ಒಂದು ಭಾಗಕ್ಕೆ 2011ರಲ್ಲಿ ಹೊಸ ಸೌಕರ್ಯವೊಂದನ್ನು ಸೇರಿಸಿದರು. ಅದರ ಮೂರನೆಯ ಮಾದರಿಯಲ್ಲಿ ಒಂದು ಅಲಾರಂ ಇತ್ತು. ಹೊತ್ತಾದಾಗ ಟ್ರೇ ಕೆಲಸದಂತೆ ಅದು ತಾನೇ ಎದ್ದು ಕೆಲಸ ಮಾಡುತ್ತಿತ್ತು. ಕೋಶವನ್ನು ಬಿಟ್ಟುಕೊಡುವಾಗ "ಇದು ಮೂರನೆಯ ಮಾದರಿಯೆ?" ಎಂದು ನೋಡಿ, ಹೌದಾದರೆ ಅಲಾರಂ ನಿಲ್ಲಿಸುವುದು ನಿಯಮ. ಆದರೆ ಮಾದರಿಯ ಸಂಖ್ಯೆಯನ್ನು ಬದಲಾಯಿಸುವ ಕಡೆ ಬೀಗವಿರಲಿಲ್ಲ. ಒಬ್ಬನು ಕೋಶವನ್ನು ಏರ್ಪಡಿಸುತ್ತಿರುವ ಕ್ಷಣದಲ್ಲಿ ಇನ್ನೊಬ್ಬನು ಸಂಖ್ಯೆಯನ್ನು ತಿದ್ದಿದರೆ, ಅಲಾರಂ ನಿಲ್ಲದೆಯೇ ಕೋಶ ಬೇರೆಯವರ ಪಾಲಾಗುತ್ತಿತ್ತು. ಹೊತ್ತಾದಾಗ ಅಲಾರಂ ಎದ್ದು, ತನ್ನದಲ್ಲದ ಮನೆಯಲ್ಲಿ ಕೈಯಾಡಿಸುತ್ತಿತ್ತು. ಅದನ್ನು ಬಳಸಿಕೊಂಡು ಅನೇಕ ಯಂತ್ರಗಳಲ್ಲಿ ಒಬ್ಬ ಸಾಧಾರಣ ಬಳಕೆದಾರನು ಇಡೀ ಯಂತ್ರದ ಒಡೆಯನಾಗಬಹುದಿತ್ತು. ಫಿಲಿಪ್ ಪೆಟರ್ಸನ್ ಎಂಬವರು ಇದನ್ನು ಪತ್ತೆಹಚ್ಚಿ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಐದು ವರ್ಷ ಆ ಬಿರುಕು ಯಾರ ಕಣ್ಣಿಗೂ ಬೀಳದೆ ಎಲ್ಲರ ಯಂತ್ರದಲ್ಲಿತ್ತು. ಮದ್ದು ಕೆಲವೇ ಸಾಲುಗಳದು: ಸಂಖ್ಯೆ ತಿದ್ದುವಾಗಲೂ ಕೋಶ ಏರ್ಪಡಿಸುವಾಗಲೂ ಅದೇ ಸಾಕೆಟ್ಟಿನ ಬೀಗವನ್ನು ಹಿಡಿಯಬೇಕು. ಫೋನಿನಲ್ಲಿ "ಅಪ್‌ಡೇಟ್" ಎಂದು ಬಂದುದನ್ನು ನಾಳೆ ನೋಡೋಣವೆಂದು ತಿಂಗಳುಗಟ್ಟಲೆ ತಳ್ಳುವವರು ಈ ಕಥೆಯನ್ನು ನೆನಪಿಡಬೇಕು. ಮುಂದಕ್ಕೆ ಹಾಕುವುದಕ್ಕೂ ಮರೆತುಬಿಡುವುದಕ್ಕೂ ವ್ಯತ್ಯಾಸವುಂಟು. ಮುಂದಕ್ಕೆ ಹಾಕಿದ ಕೆಲಸಕ್ಕೆ ಒಂದು ಗುರುತೂ ಒಂದು ಗಡುವೂ ಇರುತ್ತವೆ.

ನಮ್ಮಲ್ಲಿ ಹಲವರು ಇಂಥ ಬರಹವನ್ನು ಬರೆಯುವವರಲ್ಲ. ಆದರೆ ನಮ್ಮ ಮಕ್ಕಳಲ್ಲಿ ಕೆಲವರು ಬರೆದಾರು. ಲಿನಕ್ಸಿನ ಬರಹವೆಲ್ಲ ಬಿಚ್ಚಿಟ್ಟ ಪುಸ್ತಕ; ಹಣ ಕೊಡದೆ ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳುಹಿಸಬಹುದು. ಇಂಗ್ಲಿಷ್ ಅಷ್ಟಾಗಿ ಬಾರದೆಂದು ಹಿಂಜರಿಯುವ ಹುಡುಗರಿಗೆ ನಾನು ಹೇಳುವುದಿಷ್ಟೆ: ಇಲ್ಲಿಯ ಕಷ್ಟ ಭಾಷೆಯದಲ್ಲ, ಕ್ರಮದ್ದು. ಯಾವುದನ್ನು ಈಗಲೇ ಮಾಡಬೇಕು, ಯಾವುದನ್ನು ಟ್ರೇಗೆ ಹಾಕಬೇಕು, ಯಾವ ಕೀಲಿಕೈಯನ್ನು ಮೊದಲು ಹಿಡಿಯಬೇಕು, ಎಷ್ಟು ಬೇಗ ಬಿಡಬೇಕು ಎಂಬುದನ್ನು ಒಂದು ಕಚೇರಿಯನ್ನೋ ಒಂದು ಮೆಸ್ಸನ್ನೋ ಜಗಳವಿಲ್ಲದೆ ನಡೆಸಿದವರು ಆಗಲೇ ಬಲ್ಲರು. ಇನ್ನು ಸರ್ವರ್ ನಿಂತಿತೆಂದು ರಾತ್ರಿ ಪಾಳಿಯ ಹುಡುಗನನ್ನು ಬೈಯುವ ಮುಂಚೆ, ಒಳಗೆ ಯಾರೋ ತನ್ನನ್ನೇ ತಾನು ಕಾಯುತ್ತಿರಬಹುದೆಂದು ಒಂದು ಕ್ಷಣ ಯೋಚಿಸಿದರೆ ಉಪಕಾರವಾದೀತು.

 ಪ್ರಶ್ನೆಗಳಿದ್ದರೆ ಕೇಳಬಹುದು, ಒಬ್ಬೊಬ್ಬರಾಗಿ ಕೇಳಿದರೆ ಒಳ್ಳೆಯದು.